ನೀಲಾಬಾಯಿ ಸತ್ತ ಊರುಗಳು

ಅಥವಾ ಆ ಸೀರೆ ಹಸಿರಾಗಿರಲಿಲ್ಲವೇನೋ. ಬಳ್ಳಾರಿಯ ತಗಡಿನ ಥಿಯೇಟರಿನಲ್ಲಿ ವಿಷ ಕುಡಿದ ರಾಣಿಯಾಗಿ ನೀಲಾಬಾಯಿ ಕುಸಿದಾಗ ಉಟ್ಟಿದ್ದು ಹಸಿರು ಸೀರೆ ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ನೀಲಿಯೂ ಹಸಿರಾಗಿ ಕಾಣಬಹುದು. ಹೇಳಿ ಹೇಳಿ ಬಣ್ಣ ಗಟ್ಟಿಯಾಯಿತೇ ಹೊರತು ಕಂಡದ್ದು ಗಟ್ಟಿಯಾಗಲಿಲ್ಲ. ಈ ಪ್ರಯಾಣದ ವಿಷಯವನ್ನೂ ಓದುಗರು ಅಷ್ಟೇ ಅನುಮಾನದಿಂದ ಓದಿಕೊಳ್ಳಬೇಕು.

ನೀಲಾಬಾಯಿ ತೀರಿಕೊಂಡ ಮೇಲಿನ ಬೇಸಿಗೆಯಲ್ಲಿ, ಅವಳ ಊರಾದ ಕಂಪ್ಲಿಯಲ್ಲಿ ಸ್ಮರಣೆಯ ಸಭೆಯೊಂದನ್ನು ಹೊಸಪೇಟೆಯ ಅಭಿಮಾನಿಗಳು ಗೊತ್ತುಮಾಡಿ ನನ್ನನ್ನೂ ಕರೆದಿದ್ದರು. ಬಳ್ಳಾರಿಯಿಂದ ಬೆಳಗಿನ ರೈಲು ಹತ್ತಿದೆ. ಮೂರನೇ ತರಗತಿಗೆ ಹತ್ತಾಣೆ. ಜೊತೆಗೆ ಹುಸೇನ್ ಮಾಸ್ತರರಿದ್ದರು. ನೀಲಾಬಾಯಿ ಇದ್ದ ನಾಟಕ ಕಂಪನಿಗೆ ಅವರೇ ಹಾರ್ಮೋನಿಯಂ ನುಡಿಸುತ್ತಿದ್ದವರು. ಪೆಟ್ಟಿಗೆಯನ್ನು ಹಳೆಯ ಜಮಖಾನದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು.

ಕಂಪನಿ ನಾಟಕ ನೋಡದವರಿಗಾಗಿ ಒಂದು ಮಾತು ಹೇಳಬೇಕು. ಕೊನೆಯ ಅಂಕದಲ್ಲಿ ರಾಣಿ ವಿಷ ಕುಡಿದು, ಹಾಡಿ, ಸಾಯುತ್ತಾಳೆ. ಜನ 'ಒನ್ಸ್ ಮೋರ್' ಎಂದು ಕೂಗಿದರೆ ಪರದೆ ಬೀಳುವುದಿಲ್ಲ. ಸತ್ತ ರಾಣಿ ಎದ್ದು, ಮತ್ತೆ ಹಾಡಿ, ಮತ್ತೆ ಸಾಯಬೇಕು. ಜನ ಸಾಕೆನ್ನುವವರೆಗೂ ಸಾಯುತ್ತಿರಬೇಕು. ಕಂಪ್ಲಿಯ ಕೊನೆಯ ಆಟದ ದಿನ ನೀಲಾಬಾಯಿಗೆ ಜ್ವರವಿತ್ತು, ಕೆಮ್ಮಿನಲ್ಲಿ ರಕ್ತ ಬರುತ್ತಿತ್ತು. ಜನ ಬಿಡಲಿಲ್ಲ. ಕೊನೆಗೆ ಮಲಗಿದ್ದಲ್ಲಿಂದಲೇ ಕೈ ಮುಗಿದಳಂತೆ. ಅದಾದ ವಾರದಲ್ಲಿ ನಿಜವಾಗಿಯೂ ಸತ್ತಳು.

ಹೊಸಪೇಟೆಯಲ್ಲಿ ನಮ್ಮನ್ನು ಇಳಿಸಿಕೊಂಡವರು ಅಕ್ಕಿಗಿರಣಿಯ ಸಾಹುಕಾರ ವೀರಭದ್ರಪ್ಪನವರು, ಅಭಿಮಾನಿಗಳ ಮುಂದಾಳು. ಗಿರಣಿಯ ಗದ್ದಿಗೆಯ ಹಿಂದೆ ನೀಲಾಬಾಯಿಯ ಚಿತ್ರ, ಅದಕ್ಕೆ ಕಾಕಡದ ಮಾಲೆ. ರೊಟ್ಟಿ, ಪುಂಡಿಪಲ್ಯ ಹಾಕಿಸಿ ಎದುರಿಗೆ ಕೂತರು.

"ನಮ್ಮ ಊರಾಗ ಐದು ಸಲ ಸತ್ಲು ನೋಡ್ರಿ, ಆ ತಾಯಿ. ಐದು! ಒಂದೊಂದು ಸಾವೂ ಒಂದೊಂದು ನಮೂನಿ. ಬಳ್ಳಾರ್ಯಾಗ ಎಷ್ಟ್ರಿ ರಾಯರ?"

ನೆನಪಿಲ್ಲ ಎಂದೆ.

"ಎರಡೋ ಮೂರೋ ಇದ್ದೀತು. ಬಳ್ಳಾರಿ ಮಂದಿ ಚಪ್ಪಾಳಿ ತಟ್ಟಾಕೂ ಹಿಂದ ಮುಂದ ನೋಡ್ತಾರ."

ಅವರ ಕಣ್ಣಲ್ಲಿ ನೀರಿತ್ತು. ನನಗೆ ಸಿಟ್ಟು ಬಂದದ್ದು ಆ ನೀರನ್ನು ಕಂಡೇ. ಅದು ಸುಳ್ಳಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು.

ಮರುದಿನ ಜಟಕಾದಲ್ಲಿ ಹಂಪಿಗೆ ಹೋದೆವು, ಎಂಟು ಮೈಲಿ. ಕಂಪನಿಯ ಹ್ಯಾಂಡ್‌ಬಿಲ್ಲಿನ ಮೇಲೆ ನೀಲಾಬಾಯಿ ಒಂದು ಕಲ್ಲಿನ ಕಂಬಕ್ಕೆ ಒರಗಿ ನಿಂತ ಚಿತ್ರವಿತ್ತು. ಆ ಕಂಬ ನೋಡದೆ ಮುಂದೆ ಹೋಗುವಂತಿಲ್ಲ ಎಂದು ಸಾಹುಕಾರರ ಹಟ. ಬಿಸಿಲಿಗೆ ಬಂಡೆಗಳೆಲ್ಲ ಕಾದಿದ್ದವು. ಹಾಳು ಮಂಟಪವೊಂದರಲ್ಲಿ ಅವರು ತೋರಿಸಿದ ಕಂಬಕ್ಕೆ ಕುಂಕುಮ ಹಚ್ಚಿ ಹೂ ಸಿಕ್ಕಿಸಿದ್ದರು. ಹತ್ತು ಮಾರು ಆಚೆ ಇನ್ನೊಂದು ಕಂಬಕ್ಕೂ ಕುಂಕುಮ. ನದಿಯ ಕಡೆ ಮೂರನೆಯದು.

"ಅವು ಕಮಲಾಪುರದವ್ರು ಹಚ್ಚಿದ್ದು. ಅವ್ರಿಗೇನು ಗೊತ್ತೈತಿ, ತೆಲಿ!" ಎಂದರು ಸಾಹುಕಾರರು.

ಹ್ಯಾಂಡ್‌ಬಿಲ್ಲನ್ನು ಬಿಚ್ಚಿ ನೋಡಿದೆ. ಕಂಬ ಎಂಬುದು ಮಸಿಯ ಒಂದು ಪಟ್ಟಿ. ಅದು ಹಂಪಿಯದೇ ಎಂದು ಹೇಳಲು ಅದರಲ್ಲಿ ಏನೂ ಇರಲಿಲ್ಲ.

ಅಲ್ಲಿಂದ ಹಿಂತಿರುಗಿ, ಮಾರನೆಯ ಬೆಳಗ್ಗೆ ಸಂಡೂರಿನ ಮೋಟಾರು ಹತ್ತಿದೆವು. ಗುಡ್ಡ ಏರುವಲ್ಲಿ ಅದಿರಿನ ಗಾಡಿಗಳು ಎದುರಾಗಿ ಮೈಯೆಲ್ಲ ಕೆಂಪಾಯಿತು. ನೀಲಾಬಾಯಿ ಸತ್ತ ಮೇಲೆ ನಾಟಕ ಕಂಪನಿ ಮುರಿದುಬಿದ್ದದ್ದು ಸಂಡೂರಿನಲ್ಲಿ, ಅದರ ಪರದೆ ಪೋಷಾಕುಗಳೆಲ್ಲ ಅಲ್ಲಿನ ಒಂದು ಗೋದಾಮಿನಲ್ಲಿ ಬಿದ್ದಿದ್ದವು. ರಾಣಿಯ ಸೀರೆ ತರಲು ಹೊರಟಿದ್ದೇವೆ ಎಂದು ಸಾಹುಕಾರರು ಆಗ ಹೇಳಿದರು. ಯಾರಿಗೆ ಎಂದೆ.

"ಆಕಿ ತಂಗಿ ಪಾರವ್ವಗ. ಅದ ಪಾತ್ರ, ಅದ ಹಾಡು, ಅದ ಸಾವು. ಮಂದಿಗೆ ಮತ್ತೊಮ್ಮೆ ನೀಲವ್ವನ್ನ ನೋಡಿದಂಗ ಆಗಬೇಕು."

ಹುಸೇನ್ ಮಾಸ್ತರರು ಕಿಟಕಿಯಿಂದ ಮುಖ ತಿರುಗಿಸಿದರು. "ಸಾವ್ಕಾರ್ರ, ಕುಂತು ಒಂದು ಹಾಡು ಹಾಡ್ತಾಳ ಅಂತ ನನಗ ಹೇಳಿದ್ರಿ. ಪಾರಿಗೂ ಈಗ ಕೆಮ್ಮು ಹತ್ತೈತಿ."

"ಕೆಮ್ಮು ಯಾರಿಗಿಲ್ಲ ಮಾಸ್ತರ? ಈ ಧೂಳಿಗೆ ನನಗೂ ಐತಿ."

ಗೋದಾಮು ಕಾಯುವವನು ಪೋಷಾಕಿನ ಪೆಟ್ಟಿಗೆ ತೆರೆಯುವ ಮೊದಲೇ ಕೇಳಿದ: "ಹೊಸಪೇಟ್ಯಾಗ ಐದಂತ ಹೌದೇನ್ರಿ? ನಮ್ಮಲ್ಲಿ ಏಳು. ಏಳನೇದಕ್ಕ ಬೆಳಕು ಹರದು, ಹಾಲಿನವ್ರು ಬಿಂದಿಗಿ ಇಳಿಸಿ ನಿಂತು ನೋಡ್ಯಾರ."

"ಸುಳ್ಳ ಹೇಳಬ್ಯಾಡಲೇ. ಏಳು ಯಾರಿಗೂ ಆಗಂಗಿಲ್ಲ," ಎಂದು ಸಾಹುಕಾರರು ರೇಗಿದರು.

ಇಬ್ಬರೂ ಹೀಗೇ ಬಹಳ ಹೊತ್ತು ಜಗಳಾಡಿದರು. ನಾನು ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಮುಚ್ಚಳದ ಸಂದಿಯಿಂದ ಸಂಡೂರಿನ ಧೂಳು ಇಳಿದು ಇಟ್ಟಿಗೆಯ ಬಣ್ಣವಾಗಿತ್ತು. ಕೊಡವಿದರೂ ಒಳಗಿನದು ಹಸಿರೋ ನೀಲಿಯೋ ತಿಳಿಯಲಿಲ್ಲ.

ಕಂಪ್ಲಿಗೆ ಹೋದದ್ದು ಅದರ ಮರುದಿನವೋ, ನಡುವೆ ಹೊಸಪೇಟೆಯಲ್ಲಿ ಒಂದು ದಿನ ನಿಂತೆವೋ ಈಗ ಖಾತ್ರಿಯಿಲ್ಲ. ಬಸ್ಸು ಗದ್ದೆಗಳ ನಡುವೆ ಇಪ್ಪತ್ತು ಮೈಲಿ ಹೋಯಿತು. ಹೊಳೆಯ ಗಾಳಿ ತಂಪಾಗಿತ್ತು. ಪಾರವ್ವನ ಮನೆ ಕೋಟೆಯ ಕಡೆ. ಇಪ್ಪತ್ತರ ಹೆಣ್ಣು, ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಸೀರೆ ಕಂಡದ್ದೇ ಮೊರ ಕೆಳಗಿಟ್ಟಳು.

"ಕುಂದ್ರಿ ಮಾಸ್ತರ. ನೀವೂ ಕುಂದ್ರಿ ಸಾವ್ಕಾರ್ರ. ಇದನ್ನ ಯಾಕ ತಂದ್ರಿ?"

ಸಾಹುಕಾರರು ಹೇಳಿದರು. ಅಕ್ಕನ ಹೆಸರು ಉಳಿಯಬೇಕು, ಅವಳು ಕಡೆಯಲ್ಲಿ ಜನಕ್ಕೆ ಕೈ ಮುಗಿದು ಉಪಕಾರ ನೆನೆದಳು, ಆ ಜನದ ಋಣ ತಂಗಿಯ ಮೇಲಿದೆ ಎಂದೆಲ್ಲ.

"ಉಪಕಾರ ಅಂತ ನಿಮಗ ಯಾರು ಹೇಳಿದ್ರಿ? ಸಾಕು, ಬಿಟ್ಟುಬಿಡ್ರಿ ಅಂತ ಕೈ ಮುಗಿದ್ಲು ನಮ್ಮಕ್ಕ. ನಾನು ಪರದೆ ಸಂದ್ಯಾಗ ನಿಂತಿದ್ದೆ." ಹೇಳುತ್ತಲೇ ಕೆಮ್ಮು ಬಂತು. ಸೆರಗಿನಿಂದ ಬಾಯಿ ಒರೆಸಿಕೊಂಡು ಆ ಸೆರಗನ್ನು ನೋಡಿಕೊಂಡಳು.

ಹುಸೇನ್ ಮಾಸ್ತರರು ಎದ್ದರು. "ಬ್ಯಾಡ ಮಗಳ. ನಾ ಪೆಟ್ಟಿಗಿ ಬಿಚ್ಚಂಗಿಲ್ಲ."

"ಹಾಡ್ತೀನಿ ಮಾಸ್ತರ. ನಮ್ಮಕ್ಕನ ಹಾಡು ಅದು, ಇವ್ರದಲ್ಲ." ಸಾಹುಕಾರರ ಕಡೆ ತಿರುಗಿದಳು. "ಒಂದು ಸಲ ಹಾಡ್ತೀನಿ. ಒಂದು ಸಲ ಸಾಯ್ತೀನಿ. ಎರಡನೇದಕ್ಕ ನಾ ಏಳಾಕಿ ಅಲ್ಲ. ಒಪ್ಪಿಗಿ ಏನ್ರಿ?"

ಸಾಹುಕಾರರು ಅಲ್ಲೇ ಉರಿಯುತ್ತಿದ್ದ ದೇವರ ದೀಪ ಮುಟ್ಟಿ ಆಣೆ ಮಾಡಿದರು. ಯಾರೂ 'ಒನ್ಸ್ ಮೋರ್' ಎನ್ನದಂತೆ ನೋಡಿಕೊಳ್ಳುವುದು ತಮ್ಮ ಹೊಣೆ ಎಂದರು.

ಸಭೆ ಇಳಿಹೊತ್ತಿಗೆ ಒಂದು ಗಿರಣಿಯ ಅಂಗಳದಲ್ಲಿ. ಹತ್ತಿರದ ಮೆಟ್ರಿ ಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದವರಿದ್ದರು. ಭತ್ತದ ಮೂಟೆಗಳ ಮೇಲೆ ಹಲಗೆ ಹಾಸಿ ವೇದಿಕೆ. ಭಾಷಣಗಳಾದವು. ಪ್ರತಿಯೊಬ್ಬರೂ ತಮ್ಮ ಊರಿನ ಲೆಕ್ಕ ಹೇಳಿ ಕೂತರು. ಆಮೇಲೆ ಪಾರವ್ವ ಅಕ್ಕನ ಆ ಸೀರೆ ಉಟ್ಟು ಬಂದಳು. ಅವಳು ಅಕ್ಕನಂತೆ ಹಾಡಿದಳೇ? ಹೌದೆಂದು ಅಲ್ಲಿದ್ದವರೆಲ್ಲ ಅಂದರು. ನನಗೆ ಕೇಳಿಸಿದ್ದು ಬೇರೆ ದನಿ, ತೆಳ್ಳಗೆ, ಅಂಚಿನಲ್ಲಿ ಒರಟು, ಯಾರ ಹಂಗೂ ಇಲ್ಲದ್ದು. ಹಾಡು ಮುಗಿಯಿತು. ಹಲಗೆಯ ಮೇಲೆ ಬಿದ್ದಳು, ಕೈ ಪಕ್ಕಕ್ಕೆ ಜಾರಿತು.

ಅಂಗಳ ಮೌನವಾಗಿತ್ತು. ಆ ಮೌನ ಹಾಗೆಯೇ ಇದ್ದಿದ್ದರೆ ಅದೇ ಸ್ಮರಣೆಯಾಗುತ್ತಿತ್ತು.

"ಒನ್ಸ್ ಮೋರ್!"

ಮೊದಲ ಸಾಲಿನಿಂದ. ವೀರಭದ್ರಪ್ಪನವರು ಎದ್ದು ನಿಂತಿದ್ದರು, ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ಆಣೆ ಮುರಿದೆ ಎಂಬುದು ಆ ಮನುಷ್ಯನಿಗೆ ತಿಳಿದೇ ಇರಲಿಲ್ಲ. ಪ್ರೀತಿ ಬಂದರೆ ಅವರ ಬಾಯಿಗೆ ಬರುವುದು ಅದೊಂದೇ. ಇಡೀ ಅಂಗಳ ಕೂಗಿತು. ಹುಸೇನ್ ಮಾಸ್ತರರು ಹಾರ್ಮೋನಿಯಂನ ತಿದಿ ಮುಚ್ಚಿ, ಕೊಂಡಿ ಹಾಕಿ, ಪೆಟ್ಟಿಗೆಯ ಮೇಲೆ ಕೈಕಟ್ಟಿ ಕೂತುಬಿಟ್ಟರು.

ಪಾರವ್ವ ಏಳಲಿಲ್ಲ.

ಕೂಗು ಹೆಚ್ಚಿತು. ಯಾರೋ ಸಿಳ್ಳೆ ಹಾಕಿದರು, ಯಾರೋ ಬೆಳ್ಳಿ ಪದಕ ಕೊಡುತ್ತೇನೆಂದರು. ಒಂದು ನೊಣ ಅವಳ ಹಣೆಯ ಮೇಲೆ ಕೂತು ಎದ್ದಿತು. ಅವಳು ಕದಲಲಿಲ್ಲ.

"ಏಳವಾ, ಏಳು," ಎಂದರು ಸಾಹುಕಾರರು. ದನಿ ಸಣ್ಣದಾಗಿತ್ತು.

ಕೂಗು ನಿಂತಿತು. ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಹಿಂದಿನವರು ಮೆಲ್ಲಗೆ ಚಪ್ಪಲಿ ಹುಡುಕತೊಡಗಿದರು. ಗಾಡಿಗಳು ಹೊರಟವು. ಹೆಣದ ಮುಂದಿನಿಂದ ಎದ್ದು ಹೋಗುವವರ ಹಾಗೆ ಯಾರೂ ಮಾತಾಡದೆ ಹೋದರು. ಅಂಗಳ ಬರಿದಾದ ಮೇಲೂ ಅವಳು ಮಲಗಿಯೇ ಇದ್ದಳು. ನನಗೂ ಭಯವಾಯಿತು.

"ಎಲ್ರೂ ಹೋದ್ರೇನ್ರಿ ಮಾಸ್ತರ?" ಕಣ್ಣು ತೆರೆಯದೆ ಕೇಳಿದಳು.

"ಹೋದ್ರು ಮಗಳ."

ಎದ್ದು ಕೂತು ನೀರು ಕುಡಿದಳು. ಅಲ್ಲೇ ಕೆಮ್ಮಿದಳು, ತಡೆಯದೆ.

ಹಿಂತಿರುಗುವ ಬಸ್ಸಿನಲ್ಲಿ ಸಾಹುಕಾರರು ಮೊದಲು ಮಂಕಾಗಿದ್ದರು. ಕಮಲಾಪುರ ಬರುವಷ್ಟರಲ್ಲಿ ಚೇತರಿಸಿಕೊಂಡಿದ್ದರು. ಪಕ್ಕದವನಿಗೆ ಹೇಳುತ್ತಿದ್ದರು: "ಸತ್ರ ಹಂಗ ಸಾಯಬೇಕು ನೋಡಪಾ. ಒಂದ ಸಲ. ನೀಲವ್ವಗೂ ಬರಲಿಲ್ಲ ಅದು. ಕಂಪ್ಲ್ಯಾಗ ನಾನಿದ್ದೆ." ಬಸ್ಸಿನಿಂದ ಅವರನ್ನು ಕೆಳಗೆ ನೂಕಬೇಕೆನಿಸಿತು. ನೂಕಲಿಲ್ಲ.

ಬಳ್ಳಾರಿಯ ರೈಲಿನಲ್ಲಿ ನಾನು ಹುಸೇನ್ ಮಾಸ್ತರರನ್ನು ಕೇಳಿದೆ: ಕೊನೆಯ ಆಟದಲ್ಲಿ ನೀಲಾಬಾಯಿಯ ಹತ್ತಿರ ಕೂತಿದ್ದವರು ನೀವು, ಅವಳು ಕೈ ಮುಗಿದದ್ದು ಯಾಕೆ?

"ನಾ ಪೆಟ್ಟಿಗಿ ನೋಡ್ತಿದ್ದೆ ರಾಯರ," ಎಂದರು. ಜಮಖಾನದ ಗಂಟು ಬಿಗಿಮಾಡುತ್ತ, "ಕೈ ಮುಗಿದ್ಲೋ, ಎದಿ ಹಿಡಕೊಂಡ್ಲೋ, ಅದೂ ನನಗ ಗೊತ್ತಿಲ್ಲ."

ನನಗೂ ಗೊತ್ತಿಲ್ಲ. ಪಾರವ್ವನ ಕೆಮ್ಮು ಏನಾಯಿತೆಂಬುದೂ ಗೊತ್ತಿಲ್ಲ. ನಾನು ಮತ್ತೆ ಕಂಪ್ಲಿಗೆ ಹೋಗಲಿಲ್ಲ.