ಒಂದು ಚೂರು ತಲೆನೋವು

ಅರಸೀಕೆರೆ ಜಂಕ್ಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದ ಲತಾಮಣಿಯ ಜೊತೆ ದಿನವಿಡೀ ಜನ ಮಾತಾಡುತ್ತಿದ್ದರು. ಆದರೆ ಆಡುತ್ತಿದ್ದದ್ದು ಊರುಗಳ ಹೆಸರನ್ನಷ್ಟೇ. "ಬೀರೂರು ಎರಡು." "ತಿಪಟೂರು ಒಂದು." ಸಂಜೆ ರೈಲ್ವೆ ಕ್ವಾರ್ಟರ್ಸಿಗೆ ಬಂದು ಬೀಗ ತೆಗೆದರೆ, ಬೆಳಿಗ್ಗೆ ಕಾಫಿ ಕುಡಿದಿಟ್ಟ ಲೋಟ ಇಟ್ಟ ಕಡೆಯೇ ಇರುತ್ತಿತ್ತು. ತಾಯಿ ದ್ಯಾವಮ್ಮ ಬದುಕಿದ್ದಾಗ ಸಾರಿಗೆ ಉಪ್ಪು ಕಡಿಮೆಯಾಯಿತೆಂದಾದರೂ ಜಗಳವಿತ್ತು. ಆಕೆ ತೀರಿಕೊಂಡ ಮೇಲೆ ಅದೂ ಇಲ್ಲ. ತಂದೆ ಬೇಗ ಹೋಗಿದ್ದರಿಂದ ತಮ್ಮ ನಟರಾಜ್‌ನನ್ನು ಓದಿಸುವುದರಲ್ಲೇ ಲತಾಮಣಿಯ ಮದುವೆಯ ಮಾತು ತಾನಾಗಿ ನಿಂತುಹೋಗಿತ್ತು. ಅವನೀಗ ಬೇಲೂರಿನ ಬ್ಯಾಂಕೊಂದರಲ್ಲಿದ್ದ.

ಹಂದಿಜ್ವರ ಬಂದು ಜನ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ರೈಲು ಹತ್ತಿದ ವರ್ಷ ಅದು. ಕನ್ನಡಕ ಬದಲಿಸಲು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದಾಗ ಲತಾಮಣಿ ಗೋಡೆಯ ಮೇಲೊಂದು ಪ್ರಕಟಣೆ ನೋಡಿದಳು. ಹಂದಿಜ್ವರಕ್ಕೆ ಹೊಸ ಲಸಿಕೆ ತಯಾರಾಗುತ್ತಿದೆ, ಮೊದಲು ಆರೋಗ್ಯವಂತರಿಗೆ ಕೊಟ್ಟು ನೋಡಬೇಕು, ಒಪ್ಪುವವರು ಒಳಗೆ ಬರಬಹುದು.

ಒಳಗಿದ್ದ ಡಾಕ್ಟರನ್ನು ಅವಳು ನೇರವಾಗಿಯೇ ಕೇಳಿದಳು. "ಏನೂ ಆಗಲ್ಲ ಅಂತ ಹೇಳ್ತೀರಾ ಡಾಕ್ಟ್ರೇ?"

"ಹಾಗೆ ಹೇಳೋಕಾಗಲ್ಲ. ಏನಾಗುತ್ತೆ ಅಂತ ತಿಳ್ಕೊಳ್ಳೋಕೇ ಇದು. ತೊಂದರೆಯಾದ್ರೆ ಚಿಕಿತ್ಸೆ ನಮ್ಮದು. ಮೊದಲ ವಾರ ದಿನಾ ಸಂಜೆ ಫೋನ್ ಮಾಡಿ ವಿಚಾರಿಸ್ಕೋತೀವಿ."

ಅವಳು ಸಹಿ ಹಾಕಿದಳು. ಪರೀಕ್ಷೆಗಳಾದ ಮೇಲೆ ತೋಳಿಗೆ ಲಸಿಕೆ ಹಾಕಿದರು.

ಸುದ್ದಿ ಕೇಳಿ ನಟರಾಜ್ ಫೋನಿನಲ್ಲೇ ಸಿಡಿದ. "ಅಕ್ಕಾ, ಪ್ರಯೋಗ ಮಾಡೋಕೆ ಯಾವಾಗ್ಲೂ ನಮ್ಮ ಜನಾನೇ ಬೇಕಾ? ನಮ್ಮ ಮೈನ ಕಂಡಕಂಡೋರು ಬಳಸ್ಕೊಂಡಿದ್ದು ಸಾಲ್ದಾ?"

"ಯಾರೂ ಕರೀಲಿಲ್ಲ ಕಣೋ. ನಾನೇ ಕೇಳ್ಕೊಂಡು ಹೋದೆ."

"ಅದಕ್ಕೇ ನಂಗೆ ಹೊಟ್ಟೆ ಉರಿಯೋದು," ಎಂದು ಫೋನಿಟ್ಟ. ಮತ್ತೆ ಮಾಡಲಿಲ್ಲ.

ಆಫೀಸಿನಲ್ಲಿ ಪಕ್ಕದ ಕೌಂಟರಿನ ಇಂದ್ರೇಶ್ ಮಧ್ಯಾಹ್ನ ಊಟದ ಡಬ್ಬಿ ಎತ್ತಿಕೊಂಡು ಆಚೆ ಮೇಜಿಗೆ ಹೋದ. "ತಪ್ಪು ತಿಳ್ಕೋಬೇಡಿ ಮೇಡಂ, ಮನೇಲಿ ಸಣ್ಣ ಮಗು ಐತೆ. ಆ ಲಸಿಕೇಲಿ ರೋಗದ ಹುಳಾನೇ ಇರುತ್ತಂತೆ." ಅವಳ ಡಬ್ಬಿಯಿಂದ ದೂರ ಕೂರುವುದು ಜಾತಿ ನೋಡುವ ಕೆಲವರಿಗೆ ಹೊಸದೇನಲ್ಲ. ಹೇಳಿಕೊಳ್ಳಲು ಹೊಸ ಕಾರಣ ಸಿಕ್ಕಿತ್ತು, ಅಷ್ಟೆ.

ಆದರೆ ಸಂಜೆಯಾದರೆ ಆಸ್ಪತ್ರೆಯಿಂದ ಅರುಣಾ ಎಂಬ ಹುಡುಗಿಯ ಫೋನು ಬರುತ್ತಿತ್ತು. "ಜ್ವರ ಇದೆಯಾ ಮೇಡಂ? ತೋಳು ನೋವು? ನಿದ್ದೆ ಬಂತಾ? ಊಟ ಸೇರ್ತಿದೆಯಾ?" ಊಟ ಸೇರುತ್ತಿದೆಯಾ ಎಂದು ತನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಯಿತೆಂದು ಲತಾಮಣಿಗೆ ನೆನಪಾಗಲಿಲ್ಲ. ಕೆಲಸ ಮುಗಿದೊಡನೆ ಮನೆಗೆ ಓಡಿಬಂದು, ಮುಖ ತೊಳೆದು, ಫೋನಿನ ಪಕ್ಕ ಕೂರತೊಡಗಿದಳು. ಏನು ಅಡುಗೆ ಮಾಡಿದೆ ಎಂಬುದನ್ನೂ ಹೇಳುತ್ತಿದ್ದಳು. ಅರುಣಾ ನಗುತ್ತಾ ಕೇಳುತ್ತಿದ್ದಳು.

ವಾರ ಮುಗಿದ ದಿನ ಅರುಣಾ ಹೇಳಿದಳು, "ಇವತ್ತಿಗೆ ನನ್ನ ಫೋನ್ ಮುಗೀತು ಮೇಡಂ. ಇನ್ನು ರಕ್ತ ಕೊಡೋಕೆ ಬಂದ್ರೆ ಸಾಕು. ಏನೂ ತೊಂದರೆ ಇಲ್ಲ ಅಂತ ಬರ್ಕೊಳ್ಳಲಾ?"

"ಒಂದು ಚೂರು ತಲೆನೋವು," ಎಂದುಬಿಟ್ಟಳು ಲತಾಮಣಿ.

"ಹೌದಾ? ಹಾಗಾದ್ರೆ ನಾಳೆ ಮತ್ತೆ ಮಾಡ್ತೀನಿ."

ಮರುದಿನ ತಲೆನೋವು ಹಾಗೇ ಇದೆ ಎಂದಳು. ಅದರ ಮರುದಿನ, ಕಣ್ಣೂ ಯಾಕೋ ಮಂಜು ಎಂದಳು. ಅರುಣಾಳ ದನಿಯಲ್ಲಿ ನಗು ನಿಂತುಹೋಯಿತು. ಸ್ವಲ್ಪ ಹೊತ್ತಿಗೆ ಡಾಕ್ಟರೇ ಫೋನ್ ಮಾಡಿ ತಕ್ಷಣ ಬರಲು ಹೇಳಿದರು. ಅವಳ ಪರೀಕ್ಷೆಯಾಗುವವರೆಗೆ ಬೇರೆಯವರಿಗೆ ಲಸಿಕೆ ಹಾಕುವುದನ್ನೂ ನಿಲ್ಲಿಸಿದ್ದರಂತೆ.

ರಜೆ ಕೇಳಿದಾಗ ಕಾರಣ ಹೇಳಲೇಬೇಕಾಯಿತು. ಆದರೂ ರಜೆ ಸಿಗಲು ಮೂರು ದಿನ ಹಿಡಿಯಿತು. ಅಷ್ಟರಲ್ಲಿ ಇಂದ್ರೇಶನ ಬಾಯಿಂದ ಸುದ್ದಿ ಪ್ಲಾಟ್‌ಫಾರಂಗೆ, ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ಹೋಯಿತು. ಹಾರನಹಳ್ಳಿ ಮುಟ್ಟುವ ಹೊತ್ತಿಗೆ ಕೌಂಟರಿನ ಮೇಡಂಗೆ ಲಸಿಕೆಯಿಂದ ಕಣ್ಣೇ ಹೋಗಿತ್ತು.

ಹೊರಡುವ ಹಿಂದಿನ ದಿನ, ಕಂಕುಳಲ್ಲಿ ಕೂಸು ಎತ್ತಿಕೊಂಡ ಒಬ್ಬ ಹೆಂಗಸು ಕೌಂಟರಿಗೆ ಬಂದಳು. ಕಣಕಟ್ಟೆಯ ಮಾದಮ್ಮ ಎಂದಳು. ಟಿಕೆಟ್ ಕೇಳಲಿಲ್ಲ.

"ಅವ್ವಾ, ಸೂಜಿಯಿಂದ ನಿಮ್ಗೆ ಹಿಂಗಾತಂತಲ್ಲ. ನರ್ಸಮ್ಮ ದಡಾರದ ಸೂಜಿ ಹಾಕ್ಸು ಅಂತವ್ರೆ. ಕೂಸಿಗೆ ಹಾಕ್ಸಾನಾ, ಬ್ಯಾಡ್ವಾ?"

ಲತಾಮಣಿ ಕಿಂಡಿಯತ್ತ ಬಾಗಿದಳು. "ಹಾಕ್ಸಮ್ಮ. ಅದೇ ಬೇರೆ, ಇದೇ ಬೇರೆ. ನಂಗೇನೂ ಆಗಿಲ್ಲ. ನೋಡು, ಕಣ್ಣು ಕಾಣ್ತೈತೆ."

ಮಾದಮ್ಮ ಅವಳ ಮುಖವನ್ನೇ ನೋಡಿದಳು. "ನಿಮ್ ಬಾಯಿ ಕಟ್ಸವ್ರೆ ಅಂತ ಜನ ಅಂತಿದ್ರು," ಎಂದು ಕೂಸಿನ ತಲೆಗೆ ಸೆರಗು ಹೊದಿಸಿ ಹೊರಟುಹೋದಳು.

ಬೆಂಗಳೂರಿನಲ್ಲಿ ಲತಾಮಣಿ ಮೊದಲು ಹುಡುಕಿದ್ದು ಅರುಣಾಳನ್ನು. ದನಿಯಲ್ಲಿ ಕೇಳಿದ್ದಕ್ಕಿಂತ ಚಿಕ್ಕವಳು.

"ನಂಗೆ ತಲೆನೋವು ಬರಲೇ ಇಲ್ಲಮ್ಮ. ಕಣ್ಣೂ ಸರಿಯಾಗೇ ಇದೆ."

"ಮತ್ತೆ ಯಾಕೆ ಮೇಡಂ ಹಾಗಂದ್ರಿ?"

"ನೀನು ಇನ್ನು ಫೋನ್ ಮಾಡಲ್ಲ ಅಂದೆಯಲ್ಲ."

ಅರುಣಾ ಎದ್ದು ಹೋಗಿ ಡಾಕ್ಟರನ್ನು ಕರೆತಂದಳು. ಅವರು ಬೈಯಲಿಲ್ಲ. ಆದರೂ ಎಲ್ಲ ಪರೀಕ್ಷೆಗಳನ್ನೂ ಮಾಡಿಸಿದರು. ಏನೂ ಸಿಗಲಿಲ್ಲ. "ಮೊದಲು ಹೇಳಿದ್ದನ್ನೂ ಬರೀಬೇಕು, ಈಗ ಹೇಳಿದ್ದನ್ನೂ ಬರೀಬೇಕು," ಎಂದರು ಬೇಸರದಿಂದ. "ಯಾವುದನ್ನ ನಂಬೋದು ಹೇಳಿ?"

ಗೇಟಿನವರೆಗೆ ಬಂದ ಅರುಣಾ ಮೆಲ್ಲಗೆ ಹೇಳಿದಳು, "ಇನ್ಮೇಲೆ ನಾನು ನಿಮಗೆ ಫೋನ್ ಮಾಡೋ ಹಾಗಿಲ್ಲ ಮೇಡಂ. ಏನಾದ್ರೂ ಕೇಳೋದಿದ್ರೆ ಬೇರೆಯೋರು ಮಾಡ್ತಾರೆ."

ಅರಸೀಕೆರೆಗೆ ಮರಳಿದಾಗ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ನಟರಾಜ್ ಕೂತಿದ್ದ. ಬೇಲೂರಿಗೂ ಸುದ್ದಿ ಹೋಗಿತ್ತು. ಅಕ್ಕನ ಗಲ್ಲ ಹಿಡಿದು ಕಣ್ಣುಗಳನ್ನು ದಿಟ್ಟಿಸಿದ. "ನಾನು ಸುಳ್ಳು ಹೇಳ್ದೆ ಕಣೋ, ಏನೂ ಆಗಿಲ್ಲ," ಎಂದಳು. "ಯಾಕಕ್ಕಾ?" ಎಂದ. ಅಪರಿಚಿತ ಹುಡುಗಿಗೆ ಹೇಳಿದ್ದನ್ನು ತಮ್ಮನಿಗೆ ಹೇಳಲು ಅವಳಿಗೆ ನಾಲಿಗೆ ಬರಲಿಲ್ಲ. ಅನ್ನಕ್ಕಿಟ್ಟಳು. ಅವನು ಉಂಡು, ರಾತ್ರಿ ಉಳಿದು, ಬೆಳಿಗ್ಗೆ ಮೊದಲ ಬಸ್ಸಿಗೆ ಹೋದ.

ಮುಂದಿನ ವಾರದ ರಜೆಯಲ್ಲಿ ಲತಾಮಣಿ ಕಣಕಟ್ಟೆಗೆ ಹೋದಳು. ಕೇಳಿಕೊಂಡು ಮಾದಮ್ಮನ ಮನೆ ಹುಡುಕಿದಳು. ಮಾದಮ್ಮ ಬಾಗಿಲನ್ನು ಅರ್ಧ ತೆರೆದು ಅಲ್ಲೇ ನಿಂತಳು. ತಾನು ಸುಳ್ಳಾಡಿದ್ದನ್ನೂ, ಯಾಕೆ ಆಡಿದೆ ಎಂಬುದನ್ನೂ ಲತಾಮಣಿ ಅಂಗಳದಲ್ಲಿ ನಿಂತೇ ಹೇಳಿದಳು. ಕೂಸಿಗೆ ಸೂಜಿ ಹಾಕಿಸು ಎಂದು ಕೈಮುಗಿದಳು.

"ಹಾಕ್ಸ್ತೀನಿ ಬುಡಿ," ಎಂದಳು ಮಾದಮ್ಮ. ಹಾಕಿಸುತ್ತಾಳೋ ಇಲ್ಲವೋ ಆ ಮುಖದಿಂದ ತಿಳಿಯುವಂತಿರಲಿಲ್ಲ. ಒಳಗೆ ಕೂಸು ಅಳುತ್ತಿತ್ತು. ಬಾಗಿಲು ಮುಚ್ಚಿದ ಮೇಲೂ ಲತಾಮಣಿ ಸ್ವಲ್ಪ ಹೊತ್ತು ನಿಂತಿದ್ದು, ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ಬಸ್‌ಸ್ಟಾಪಿನ ಕಡೆ ನಡೆದಳು.