ಖಾಲಾ ಹಾಕಿಕೊಡದ ಜಡೆ

ಅವರ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಬೆಳಗಿನಿಂದ ಸಂಜೆಯವರೆಗೆ ಬಿಸಿನೀರಿನ ತೊಟ್ಟಿಯಲ್ಲಿ ಕೈಯಾಡಿಸಿ ರೇಷ್ಮೆಗೂಡಿನ ಎಳೆ ಹಿಡಿಯುವ ಕೆಲಸ ಅವರದು. ಆ ಎಳೆ ನನ್ನ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಅವರೂ ನೋಡುತ್ತಿರಲಿಲ್ಲವೆನ್ನಿ, ಪಕ್ಕದವರ ಜೊತೆ ಮಾತಾಡುತ್ತಲೇ ಹಿಡಿದುಬಿಡುತ್ತಿದ್ದರು. ರಾಮನಗರದ ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ ಅಣ್ಣನ ಸಂಸಾರದ ಜೊತೆ ಇದ್ದರು. ಮದುವೆಯಾಗಿರಲಿಲ್ಲ. ಬೀದಿಯ ಮಕ್ಕಳೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆವು.

ತಿಪ್ಪಸಂದ್ರದಿಂದ ನಾವು ಅಲ್ಲಿಗೆ ಬಂದ ವರ್ಷ ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಆರೂವರೆಗೆ ವ್ಯಾನು. ನಾನಾಗ ಏಳನೇ ಕ್ಲಾಸು. ಸ್ಕೂಲಿಗೆ ಎರಡು ಜಡೆ ಹಾಕಿ ಟೇಪು ಕಟ್ಟಿಕೊಂಡೇ ಹೋಗಬೇಕು. ಅಮ್ಮನಿಗೆ ಪುರುಸೊತ್ತಿಲ್ಲ, ನನಗೆ ಬರುವುದಿಲ್ಲ.

"ಭಾನುವಾರದೊಳ್ಗೆ ಕಲ್ತ್ಕೊ. ಇಲ್ಲಾಂದ್ರೆ ಬಾಬ್ ಕಟ್ ಮಾಡ್ಸ್‌ಬುಡ್ತೀನಿ," ಅಂದಳು ಅಮ್ಮ.

ಓದಿನಲ್ಲಿ ನಾನು ಅಷ್ಟಕ್ಕಷ್ಟೆ. ಸೊಂಟ ಮುಟ್ಟುವ ಕೂದಲೊಂದೇ ನನ್ನ ಜಂಬ. ಅದೂ ಹೋದರೆ ನನ್ನನ್ನು ಯಾರು ಮೂಸಿ ನೋಡುತ್ತಾರೆ? ಖಾಲಾ ಮನೆಗೆ ಓಡಿದೆ. ದಿನಾ ಬೆಳಿಗ್ಗೆ ನೀವೇ ಹಾಕಿಕೊಡಿ ಅಂತ ಗೋಗರೆದೆ. ಅವರು ಚಹಾ ಲೋಟ ಕೆಳಗಿಟ್ಟು, "ನಾನು ಹಾಕಲ್ಲ ಬೇಟಾ. ಹೇಳ್ಕೊಡ್ತೀನಿ, ನೀನೇ ಹಾಕ್ಕೊ," ಅಂದರು. ಯಾಕೆ ಅಂದರೆ ಲೋಟ ಎತ್ತಿಕೊಂಡು ಒಳಗೆ ಹೋದರು. ನನ್ನ ತಲೆಯಲ್ಲಿ ಎಣ್ಣೆ ಜಾಸ್ತಿ ಅಂತಲೋ, ನಾವು ಬೇರೆ ಜನ ಅಂತಲೋ, ಒಂದೂ ತಿಳಿಯದೆ ನನಗೆ ಉರಿದುಹೋಯಿತು. ಆದರೂ ಬೇರೆ ಗತಿಯಿರಲಿಲ್ಲ.

ಮೂರು ಹಿಡಿ ವೇಸ್ಟ್ ನೂಲನ್ನು ಕಿಟಕಿ ಸರಳಿಗೆ ಕಟ್ಟಿ, ಅದಕ್ಕೆ ಬೆನ್ನು ಮಾಡಿ ನಿಲ್ಲಿಸಿ, ಕೈ ಹಿಂದಕ್ಕೆ ಕೊಟ್ಟು ಹೆಣೆಯಲು ಕಲಿಸಿದರು. ಅಲ್ಲಿ ಸಲೀಸಾಗಿ ಬಂತು. ಕನ್ನಡಿ ಮುಂದೆ ನಿಂತರೆ ಎಲ್ಲ ಉಲ್ಟಾ. ಎಡ ಯಾವುದು, ಬಲ ಯಾವುದು, ನಡುವಿನ ಎಳೆ ಎಲ್ಲಿ ಹೋಯಿತು? ಕಿವಿಯ ಹಿಂದೆ ಸರಿಯಾಗಿದ್ದ ಜಡೆ, ಭುಜದ ಮೇಲಿಂದ ಮುಂದಕ್ಕೆ ತಂದ ಕೂಡಲೇ ಮಾಯ. ಬಲಗಡೆ ಕಲಿತದ್ದು ಎಡಗಡೆಗೆ ಬಾರದು. ಖಾಲಾ ಕನ್ನಡಿಯನ್ನು ಗೋಡೆಗೆ ತಿರುಗಿಸಿ, "ಕಣ್ಣಲ್ಲಿ ಹುಡುಕ್ಬೇಡ, ಬೆರಳಿಗೆ ಬಿಡು," ಅಂದರು. ನನ್ನ ಬೆರಳಿಗೆ ಏನು ಗೊತ್ತಿತ್ತು, ಮಣ್ಣು!

ಅವರ ಗುಟ್ಟೆಲ್ಲ ನೀರಿನಲ್ಲೇ ಇದೆ ಅಂತ ನಾನೇ ತೀರ್ಮಾನಿಸಿ, ಶುಕ್ರವಾರ ಬಕೆಟ್ಟಿನಲ್ಲಿ ಕೂದಲು ಅದ್ದಿ ಹೆಣೆದೆ. ಹಗ್ಗದಂತೆ ಗಟ್ಟಿಯಾಗಿ ಬಂತು. ಮಧ್ಯಾಹ್ನಕ್ಕೆ ಒಣಗಿ ಸಡಿಲಾಗಿ ಟೇಪೂ ಬಿದ್ದುಹೋಯಿತು. ಸಂಜೆ ಖಾಲಾ ನಕ್ಕಿದ್ದೇ ನಕ್ಕಿದ್ದು.

"ಗೂಡು ಬೇಯಿಸ್ದಂಗೆ ತಲೆ ಬೇಯಿಸ್ಬುಟ್ಯಾ? ನೀರು ಗೂಡಿಗೆ ಬೇಟಾ, ಕೂದ್ಲಿಗಲ್ಲ."

ನಾನು ಅತ್ತುಬಿಟ್ಟೆ. ಆಗ ಪಕ್ಕದಲ್ಲಿ ಕೂತು ಹೇಳಿದರು: "ಎಳೆ ಕಡಿದ್ರೆ ಎಲ್ಲಿ ಕಡೀತು ಅಂತ ನಾವು ಯೋಚ್ನೆ ಮಾಡ್ತಾ ಕೂತ್ಕೋತೀವಾ? ಸಿಕ್ಕಿದ್ದನ್ನ ಸೇರಿಸ್ಕೊಂಡು ಮುಂದಕ್ಕೆ ಹೋಗ್ತೀವಿ. ಗೊತ್ತಾಗ್ದಿದ್ರೆ ಅಂಚಲ್ಲಿರೋದನ್ನ ನಡುವಿಗೆ ತಗೋ. ಅಷ್ಟೆ."

ಭಾನುವಾರ ಅಮ್ಮ ಎರಡೂ ಜಡೆ ಹಿಡಿದು ಜಗ್ಗಿ ನೋಡಿದಳು. "ಒಂದ್ ಗಟ್ಟಿಗೈತೆ, ಒಂದ್ ಒಸಿ ಸಡ್ಲ. ನಡೀತದೆ ಬುಡು," ಅಂದಳು. ಕೂದಲು ಉಳಿಯಿತು. ಖಾಲಾ ಅಂದ "ಹಾಕಲ್ಲ" ಮಾತ್ರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಕೊಂಡಿತು.

ಹೋದ ವರ್ಷ ಖಾಲಾ ಉಬ್ಬಸ ಬಂದು ಹಾಸಿಗೆ ಹಿಡಿದರು. ನಾವು ಈಗಲೂ ಅದೇ ಬೀದಿಯಲ್ಲಿದ್ದೇವೆ, ನೋಡಲು ಹೋದೆ. ಬೆರಳುಗಳು ಊದಿಕೊಂಡಿದ್ದವು. ತಲೆಯ ಮೇಲಿನ ಸೆರಗು ಜಾರಿಸಿ ಬಾಚಣಿಗೆ ಕೈಗೆ ಕೊಟ್ಟರು.

"ಕೈ ಎತ್ತಕ್ಕಾಗ್ತಿಲ್ಲ. ಒಂದು ಜಡೆ ಹಾಕು ಬೇಟಾ."

ಅವರ ಕೂದಲನ್ನು ನಾನು ನೋಡಿದ್ದು ಅದೇ ಮೊದಲು. ತೆಳ್ಳಗೆ, ಬೆಳ್ಳಗೆ. ಹಿಂದೆ ಕೂತು ಮೂರು ಭಾಗ ಮಾಡಿದೆ. ಕೈ ನಿಂತುಹೋಯಿತು. ಇಷ್ಟು ವರ್ಷ ದಿನಾ ಜಡೆ ಹಾಕಿಕೊಂಡವಳು ನಾನು, ಆದರೆ ನನ್ನ ತಲೆಗೆ ಮಾತ್ರ. ಇಲ್ಲಿ ಅಂಗೈ ಬೇರೆ ಕಡೆ, ಮೊಣಕೈ ಬೇರೆ ಕಡೆ. ಎರಡು ಸಲ ಬಿಚ್ಚಿದೆ.

"ಬರ್ತಾ ಇಲ್ಲ ಖಾಲಾ," ಅಂದೆ, ನಾಚಿಕೆಯಿಂದ.

ಕೆಮ್ಮು ಬರುವವರೆಗೂ ನಕ್ಕರು. "ನಂಗೂ ಬರ್ತಿರ್ಲಿಲ್ಲ. ಅಮ್ಮಿ ಹೋದ್ಮೇಲೆ ನನ್ ತಲೆ ಮೇಲೇ ಕಲ್ತಿದ್ದು ನಾನು. ಇನ್ನೊಬ್ರಿಗೆ ಯಾವತ್ತೂ ಹಾಕಿರ್ಲಿಲ್ಲ. ಅವತ್ತು ನಿನ್ ಹತ್ರ ಹೇಳಕ್ಕೆ ನಾಚ್ಕೆ ಆಯ್ತು."

ಅಷ್ಟು ವರ್ಷ ಒಳಗೊಳಗೇ ಇಟ್ಟುಕೊಂಡಿದ್ದ ಸಿಟ್ಟನ್ನು ಎಲ್ಲಿ ಹಾಕಬೇಕೋ ತಿಳಿಯಲಿಲ್ಲ. ನಗಬೇಕೋ ಅಳಬೇಕೋ ಅದೂ ತಿಳಿಯಲಿಲ್ಲ. ಹೇಗೋ ಹೆಣೆದು ಮುಗಿಸಿದೆ. ಅವರು ಜಡೆಯನ್ನು ಮುಂದಕ್ಕೆಳೆದುಕೊಂಡು, ಊದಿದ ಬೆರಳಲ್ಲೇ ಉದ್ದಕ್ಕೂ ತಡವಿದರು.

"ಎರಡ್ ಕಡೆ ತಪ್ಪೈತೆ."

"ಬಿಚ್ಚಿ ಮತ್ತೆ ಹಾಕ್ಲಾ?"

"ಬೇಡ, ಇರ್ಲಿ. ನಾಳೆ ಬಾ."

ಮರುದಿನ ಹೋದೆ, ಅದರ ಮರುದಿನವೂ. ಪ್ರತಿ ಸಲ ತಡವಿ, ತಪ್ಪೆಲ್ಲಿ ಅಂತ ಹೇಳುತ್ತಿದ್ದರು. ಮೂರನೆಯ ವಾರ ಖಾಲಾ ತೀರಿಕೊಂಡರು. ಹಿಂದಿನ ಸಂಜೆ ನಾನು ಹಾಕಿದ ಜಡೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಮುಟ್ಟಿ ನೋಡಲು ಅವರಿಗೆ ಎಚ್ಚರವಿರಲಿಲ್ಲ.