ಪುಡಿ ಪರೀಕ್ಷೆಗೆ ಗುಬ್ಬಿಯಿಂದ ಬಂದವರು

"ಭಾನುವಾರ ನಿಮ್ಮನೆಗೆ ಟೀ ಕುಡಿಯೋಕೆ ಬರ್ತಾ ಇದೀನಿ ಸಾರ್. ಮಸಾಲೆ ಪುಡಿ ಮಾತ್ರ ನನ್ನ ಎದುರಿಗೇ ಮಾಡ್ಬೇಕು."

ಫೋನ್ ಮಾಡಿದವರು ಗುಬ್ಬಿಯ ಸರೋಜಮ್ಮ. ರಿಟೈರ್ಡ್ ಟೀಚರ್. ಈ ಅಂಕಣವನ್ನು ಒಂದು ವಾರವೂ ಬಿಡದೆ ಓದುವವರು. ತಪ್ಪು ಅವರದಲ್ಲ, ನನ್ನದೇ. ಹೋದ ತಿಂಗಳು ಇದೇ ಜಾಗದಲ್ಲಿ, ನಮ್ಮನೆ ಟೀ ಮಸಾಲೆ ನಾನೇ ಮಾಡುವುದು, ಪ್ಯಾಕೆಟ್ ಪುಡಿ ಮುಟ್ಟುವುದಿಲ್ಲ ಎಂದು ಕೊಚ್ಚಿಕೊಂಡಿದ್ದೆ. ನೀವೂ ಓದಿರುತ್ತೀರಿ. (ನೀವ್ಯಾರೂ ಫೋನ್ ಮಾಡಲಿಲ್ಲ. ಥ್ಯಾಂಕ್ಸ್.)

ನಿಜ ಏನು? ಬಟವಾಡಿ ಬಡಾವಣೆಯ ಅಂಗಡಿಯಿಂದ ಪ್ಯಾಕೆಟ್ ತರುತ್ತೇನೆ. ಕತ್ತರಿಸಿ ಸ್ಟೀಲ್ ಡಬ್ಬಿಗೆ ಸುರಿಯುತ್ತೇನೆ. ನನ್ನ ಕೈಕೆಲಸ ಅಷ್ಟೇ.

ಊರಲ್ಲಿರುವುದಿಲ್ಲ ಎಂದು ತಪ್ಪಿಸಿಕೊಳ್ಳಬಹುದಿತ್ತು. ಅಷ್ಟರಲ್ಲಿ ಅವರು ಇನ್ನೊಂದು ಮಾತು ಹೇಳಿದರು.

"ಕುಣಿಗಲ್‌ನಲ್ಲಿ ನಮ್ಮಕ್ಕ ಇದಾಳೆ. ನಿಮ್ಮ ಕಾಲಮ್ ಅವ್ಳಿಗೆ ಫೋನಲ್ಲೇ ಓದಿ ಹೇಳ್ತೀನಿ. ಗಂಡಸ್ರು ಪುಡಿ ಮಾಡ್ತಾರಾ, ಬರೀ ಬುರುಡೆ ಬುಡು ಅಂದ್ಳು. ಈ ಸಾರ್ ಸುಳ್ಳು ಬರೆಯೋರಲ್ಲ ಅಂತ ಜಗಳಾನೇ ಆಡ್ಬಿಟ್ಟೆ."

ನನ್ನ ಮಾನ ಹೋದರೆ ಹೋಗಲಿ, ಅದಕ್ಕೆ ಅಭ್ಯಾಸವಿದೆ. ನನ್ನನ್ನು ನಂಬಿ ಅಕ್ಕನ ಜೊತೆ ಜಗಳವಾಡಿದವರ ಗತಿ ಏನು?

ಹೆಂಡತಿಯ ಕಾಲು ಹಿಡಿಯುವುದೊಂದು ಬಾಕಿ ಇತ್ತು, ಅದನ್ನೂ ಮಾಡಿದೆ. "ಬರ್ದೋರು ನೀವು, ಮಾಡೋರೂ ನೀವೇ. ನಾನು ಹಾಲ್‌ನಲ್ಲಿ ಕೂತಿರ್ತೀನಿ," ಎಂದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳನ್ನು ಇಷ್ಟು ಖುಷಿಯಾಗಿ ನೋಡಿಲ್ಲ.

ಭಾನುವಾರ ಸರೋಜಮ್ಮ ಎರಡು ತೆಂಗಿನಕಾಯಿ ಹಿಡಿದು ಬಂದರು. ಅಡುಗೆಮನೆ ಬಾಗಿಲಲ್ಲಿ ಚೇರ್ ಹಾಕಿಸಿಕೊಂಡು ಕೂತರು. ನಾನು ಹೆಂಡತಿಯ ಮಸಾಲೆ ಡಬ್ಬಿ ತೆಗೆದೆ. ಏಲಕ್ಕಿ ಗೊತ್ತು. ಮೆಣಸು, ಚಕ್ಕೆ, ಲವಂಗವೂ ಗೊತ್ತು. ಪಕ್ಕದಲ್ಲೇ ಲವಂಗದ ದೊಡ್ಡಣ್ಣನಂಥ ಕಪ್ಪು ಮೊಗ್ಗುಗಳಿದ್ದವು. ಇರಲಿ ಎಂದು ಒಂದು ಹಿಡಿ ಹಾಕಿದೆ. ಹುರಿದೆ. ಮಿಕ್ಸಿ ತಿರುಗಿಸಿದೆ. ಘಮ ಎದ್ದಾಗ ನನಗೆ ನನ್ನ ಮೇಲೇ ಗೌರವ ಬಂತು.

ಸರೋಜಮ್ಮ ಒಂದು ಗುಟುಕು ಕುಡಿದರು. ಲೋಟ ಕೆಳಗಿಟ್ಟರು.

"ನಂಚ್ಕೊಳ್ಳೋಕೆ ಖಾರಾಬೂಂದಿ ಇದ್ಯಾ ಸಾರ್?"

ಹಾಲ್‌ನಿಂದ ಹೆಂಡತಿಯ ನಗು ಕೇಳಿಸಿತು. ನಾನು ಹಾಕಿದ್ದು ಮರಾಠಿ ಮೊಗ್ಗು. ಬಿಸಿಬೇಳೆ ಬಾತಿಗೆ ಹಾಕುವಂಥದ್ದು!

ಇನ್ನೇನು ಮಾಡಲಿ? ಬಚ್ಚಿಟ್ಟಿದ್ದ ಪ್ಯಾಕೆಟ್ ತಂದು ಅವರ ಮುಂದಿಟ್ಟೆ. "ಬರೆದದ್ದು ಸುಳ್ಳು ಮೇಡಂ. ನಿಮ್ಮಕ್ಕ ಹೇಳಿದ್ದೇ ಸರಿ." ನಿಜಕ್ಕೂ ನಾಚಿಕೆಯಾಗಿತ್ತು.

ಅವರು ಬಯ್ಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎದ್ದರು.

"ಸುಳ್ಳನ್ನ ನಿಜ ಮಾಡೋಕೆ ಅರ್ಧ ಗಂಟೆ ಸಾಕು, ಬನ್ನಿ. ಒಣಶುಂಠಿ ಮೊದ್ಲು ಕುಟ್ಟಿ, ಇಡೀದು ಹಾಕಿದ್ರೆ ಮಿಕ್ಸಿ ಬ್ಲೇಡ್ ಹೋಗುತ್ತೆ. ಏಲಕ್ಕಿ ಸಿಪ್ಪೆ ಬಿಸಾಕ್ಬೇಡಿ. ಹುರಿಯೋದೇನೂ ಬೇಡ, ಬೆಚ್ಚಗಾದ್ರೆ ಸಾಕು."

ಕುಟ್ಟಿದ್ದು ನಾನೇ. ಜರಡಿ ಹಿಡಿದದ್ದೂ ನಾನೇ. (ಸೀನಿದ್ದು ಮೂವರೂ.) ಆಮೇಲೆ ಎರಡೆರಡು ಲೋಟ ಟೀ ಕುಡಿದೆವು. ಆಹಾ! ಇಷ್ಟು ವರ್ಷ ನಾನು ಕುಡಿದದ್ದು ಏನು ಹಾಗಾದರೆ?

ಸರೋಜಮ್ಮ ಅಲ್ಲಿಂದಲೇ ಕುಣಿಗಲ್‌ಗೆ ಫೋನ್ ಮಾಡಿದರು. "ಅವ್ರೇ ಮಾಡಿದ್ರು ಕಣೇ ಅಕ್ಕ. ಕಣ್ಣಾರೆ ನೋಡ್ದೆ."

ನನ್ನ ಕಣ್ಣು ತುಂಬಿ ಬಂತು. ಬರೆಯುವವನ ಸುಳ್ಳನ್ನು ಹೀಗೆ ಕಾಪಾಡುವ ಓದುಗರು ಎಷ್ಟು ಜನಕ್ಕೆ ಸಿಗುತ್ತಾರೆ? ಇನ್ನು ಮೇಲೆ ಒಂದಕ್ಷರವೂ ಸುಳ್ಳು ಬರೆಯಬಾರದು ಎಂದುಕೊಂಡೆ.

ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಸರೋಜಮ್ಮ ಹೇಳಿದರು:

"ಇವತ್ತು ಇಲ್ಲೇ ಮಗಳ ಮನೇಲಿ ಉಳ್ಕೊಳ್ತೀನಿ ಸಾರ್. ದಿನಾ ಬೆಳಗ್ಗೆ ಐದಕ್ಕೆದ್ದು ಅಮಾನಿಕೆರೆ ಹತ್ರ ವಾಕಿಂಗ್ ಹೋಗ್ತೀನಿ ಅಂತ ಬರ್ದಿದ್ರಲ್ಲ, ನಾಳೆ ನಾನೂ ಬರ್ಲಾ?"